ಆಪರೇಷನ್ ನಂತರದ ನೋವಿಗೆ ನರ್ವ್ ಬ್ಲಾಕ್: ಒಂದೇ ಇಂಜೆಕ್ಷನ್ ಸಾಕೇ, ನಳಿಗೆ ಬೇಕೇ?

ರಾತ್ರಿ ಎರಡೂವರೆಗೆ ಫೋನ್ ಬಂದರೆ, ಅರಿವಳಿಕೆ ವೈದ್ಯನಾದ ನನಗೆ ಅರ್ಧ ವಿಷಯ ಅದನ್ನು ಎತ್ತುವ ಮೊದಲೇ ಗೊತ್ತಾಗಿರುತ್ತದೆ. ಅಂದು ಮಧ್ಯಾಹ್ನ ಭುಜದ ಆಪರೇಷನ್ ಆದವರು. ಸಂಜೆ ಕಾಫಿ ಕುಡಿಯುತ್ತಾ ‘ಕೈ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಡಾಕ್ಟರೇ, ನೋವು ಅಂದರೇನು ಅಂತಲೇ ಗೊತ್ತಿಲ್ಲ’ ಎಂದು ನಕ್ಕವರು. ಈಗ ಹಾಸಿಗೆಯ ಮೇಲೆ ಹಲ್ಲು ಕಚ್ಚಿ ಕೂತಿರುತ್ತಾರೆ. ಮಗಳು ಗಾಬರಿಯಿಂದ ಕೇಳುತ್ತಾಳೆ: ‘ಸರ್, ಅಮ್ಮ ಅಳುತ್ತಿದ್ದಾರೆ. ಒಳಗೆ ಹೊಲಿಗೆ ಏನಾದರೂ ಬಿಟ್ಟಿದೆಯಾ?’

ಹೊಲಿಗೆ ಬಿಟ್ಟಿರುವುದಿಲ್ಲ. ಬ್ಲಾಕ್ ಇಳಿದಿರುತ್ತದೆ. ಇಳಿಯುತ್ತದೆ ಎಂದು ನಾನು ಹೇಳಿರುತ್ತೇನೆ, ಆದರೆ ನೋವಿಲ್ಲದವರಿಗೆ ಹೇಳಿದ ಮಾತು ಅದು, ಕಿವಿಯೊಳಗೆ ಹೋಗಿರುವುದಿಲ್ಲ. ಹಾಗಾಗಿ ‘ಯಾವ ವಿಧಾನ ಒಳ್ಳೆಯದು?’ ಎಂದು ಕೇಳುವವರಿಗೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ತಡೆಯಲಾಗದಂಥ ನೋವು ಎಷ್ಟು ದಿನದ್ದು? ಬ್ಲಾಕ್ ಇಳಿಯುವ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ಯಾರಿರುತ್ತಾರೆ? ಮುಂದೆ ಬರೆದಿರುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ನರ್ವ್ ಬ್ಲಾಕ್ ಎಂದರೆ ಆಪರೇಷನ್ ಆದ ಜಾಗದಿಂದ ನೋವಿನ ಸುದ್ದಿ ಹೊರುವ ನರದ ಸುತ್ತ ಮರಗಟ್ಟಿಸುವ ಔಷಧ ಹಾಕುವುದು. ಹಲ್ಲಿನ ಡಾಕ್ಟರು ದವಡೆಗೆ ಚುಚ್ಚುವುದೂ ಇದೇ ಜಾತಿಯದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಕೊಕೇನ್ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿದ ಮೇಲೆ ಈ ವಿದ್ಯೆ ಶುರುವಾಯಿತು. ಈಗ ಕೊಕೇನ್ ಹೋಗಿ ಲಿಗ್ನೊಕೇನ್, ಬುಪಿವಕೇನ್, ರೋಪಿವಕೇನ್ ಬಂದಿವೆ. ಅಂದಾಜಿನ ಸೂಜಿ ಹೋಗಿ ಅಲ್ಟ್ರಾಸೌಂಡ್ ಪರದೆಯ ಮೇಲೆ ನರವನ್ನು ನೋಡಿಕೊಂಡೇ ಚುಚ್ಚುವ ಕಾಲ ಬಂದಿದೆ. ಔಷಧ ಹೆಚ್ಚುಕಡಿಮೆ ಎಲ್ಲರಿಗೂ ಅದೇ. ಅದನ್ನು ನರದ ಬಳಿ ಎಷ್ಟು ಹೊತ್ತು ಉಳಿಸುತ್ತಾರೆ, ಹೇಗೆ ಉಳಿಸುತ್ತಾರೆ ಎಂಬುದರಲ್ಲಿ ಆಯ್ಕೆ ಇದೆ.

ಒಂದೇ ಇಂಜೆಕ್ಷನ್

ನಾನು ಹಾಕುವ ಬ್ಲಾಕ್‌ಗಳಲ್ಲಿ ಹೆಚ್ಚಿನವು ಇವೇ. ಐದು ಹತ್ತು ನಿಮಿಷದ ಕೆಲಸ, ಮೈಯಲ್ಲಿ ಏನೂ ಉಳಿಯುವುದಿಲ್ಲ, ಖರ್ಚು ಕಡಿಮೆ, ಕೆಡುವುದಕ್ಕೆ ಹೆಚ್ಚು ಭಾಗಗಳೇ ಇಲ್ಲ. ಲಿಗ್ನೊಕೇನ್ ಎರಡು ಮೂರು ಗಂಟೆ ನಿಲ್ಲುತ್ತದೆ. ಬುಪಿವಕೇನ್ ಅಥವಾ ರೋಪಿವಕೇನ್ ತೋಳಿನ ನರಗಳಿಗೆ ಹಾಕಿದರೆ ಸುಮಾರು 8ರಿಂದ 14 ಗಂಟೆ. ತೊಡೆಯ ಹಿಂದಿನ ದಪ್ಪ ಸಯಾಟಿಕ್ ನರಕ್ಕೆ ಹಾಕಿದರೆ ಒಂದು ಹಗಲು ಒಂದು ರಾತ್ರಿಯವರೆಗೂ ಎಳೆಯುವುದುಂಟು.

ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ ಒಂದು ಗಂಟೆಗೆ ಬ್ಲಾಕ್ ಹಾಕಿದರೆ ಹನ್ನೆರಡು ಗಂಟೆಯ ಮೇಲೆ, ನಡುರಾತ್ರಿ ಒಂದಕ್ಕೆ, ಅದು ಇಳಿಯುತ್ತದೆ. ಔಷಧದಂಗಡಿ ಮುಚ್ಚಿರುತ್ತದೆ, ವಾರ್ಡಿನಲ್ಲಿ ಒಬ್ಬರೇ ನರ್ಸ್ ಇರುತ್ತಾರೆ, ಮನೆಯವರು ನಿದ್ದೆಯಲ್ಲಿರುತ್ತಾರೆ. ಅದೇ ಇಂಜೆಕ್ಷನ್ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಸೇರಿಸಿದರೆ ಆರರಿಂದ ಎಂಟು ಗಂಟೆ ಹೆಚ್ಚು ಸಿಗುತ್ತದೆ, ಅಂದರೆ ಬ್ಲಾಕ್ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇಳಿಯುತ್ತದೆ. ಇದೊಂದೇ ಕಾರಣಕ್ಕೆ ನನಗೆ ಆ ಔಷಧದ ಮೇಲೆ ಅಕ್ಕರೆ. ನರದ ಬಳಿಯೇ ಹಾಕಬೇಕೆಂದಿಲ್ಲ, ಕೈಯ ರಕ್ತನಾಳದಲ್ಲಿ ಕೊಟ್ಟರೂ ಬಹುಪಾಲು ಅದೇ ಲಾಭ ಸಿಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಒಂದೆರಡು ದಿನ ಸಕ್ಕರೆ ಏರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನೋಡಿಕೊಳ್ಳಬೇಕು.

ಈ ವಿಧಾನದ ದೊಡ್ಡ ದೋಷ ನಾನು ಮೊದಲು ಹೇಳಿದ ಫೋನ್ ಕರೆಯೇ. ಹತ್ತರ ಅಳತೆಯಲ್ಲಿ ಸೊನ್ನೆಯಿಂದ ಒಮ್ಮೆಲೇ ಎಂಟಕ್ಕೆ ಏರುವ ನೋವು, ಮೆಲ್ಲಗೆ ಏರಿದ ನೋವಿಗಿಂತ ಹೆಚ್ಚು ಕಂಗೆಡಿಸುತ್ತದೆ. ಇದಕ್ಕೆ ಮದ್ದು ಸುಲಭ, ಆದರೆ ನಮ್ಮವರ ಅಭ್ಯಾಸಕ್ಕೆ ವಿರುದ್ಧ. ‘ನೋವು ಬಂದ ಮೇಲೆ ಮಾತ್ರೆ ತಗೊಂಡರಾಯಿತು, ಸುಮ್ಮನೆ ಯಾಕೆ ಹೊಟ್ಟೆ ಕೆಡಿಸಿಕೊಳ್ಳುವುದು’ ಎಂದು ಮಾತ್ರೆಯನ್ನು ದಿಂಬಿನ ಕೆಳಗೆ ಇಟ್ಟು ಮಲಗುತ್ತಾರೆ. ಪ್ಯಾರಾಸಿಟಮಾಲನ್ನೂ, ಮೂತ್ರಪಿಂಡ ಮತ್ತು ಹೊಟ್ಟೆ ಒಪ್ಪುವುದಾದರೆ ವೈದ್ಯರು ಬರೆದುಕೊಟ್ಟ ಉರಿಯೂತ ಇಳಿಸುವ ಮಾತ್ರೆಯನ್ನೂ ಕೈ ಇನ್ನೂ ಮರಗಟ್ಟಿರುವಾಗಲೇ ಶುರುಮಾಡಬೇಕು. ಬೆರಳ ತುದಿಯಲ್ಲಿ ಇರುವೆ ಹರಿದಂತಾದರೆ ಬ್ಲಾಕ್ ಇಳಿಯತೊಡಗಿದೆ ಎಂದರ್ಥ. ಮಾತ್ರೆ ಅಷ್ಟರೊಳಗೆ ಹೊಟ್ಟೆ ಸೇರಿರಬೇಕು.

ನಳಿಗೆ ಇಟ್ಟು ಔಷಧ ಹರಿಸುವುದು

1946ರಲ್ಲಿ ಆನ್ಸ್‌ಬ್ರೊ ಎಂಬ ವೈದ್ಯ ಕತ್ತಿನ ಬುಡದಲ್ಲಿ ತೋಳಿನ ನರಗಳ ಬಳಿ ಸೂಜಿ ಚುಚ್ಚಿ, ಅದು ಅಲ್ಲಾಡದಂತೆ ಬಾಟಲಿಯ ಬಿರಡೆಯ ಆಧಾರ ಕೊಟ್ಟು, ಆಪರೇಷನ್ ಮುಗಿಯುವವರೆಗೆ ಮತ್ತೆ ಮತ್ತೆ ಔಷಧ ಹಾಕಿದರು. ಇಂದಿನ ಕ್ಯಾತಿಟರ್‌ಗೆ, ಅಂದರೆ ಈ ನಳಿಗೆಗೆ, ಮೂಲ ಅದು. ಈಗ ಬಿರಡೆ ಇಲ್ಲ. ಸೂಜಿಯೊಳಗಿಂದ ಸಣ್ಣ ಮೆದು ನಳಿಗೆಯನ್ನು ನರದ ಪಕ್ಕ ತೂರಿಸಿ, ಸೂಜಿ ತೆಗೆದು, ಚರ್ಮಕ್ಕೆ ಅಂಟು ಹಾಕಿ, ಪಾರದರ್ಶಕ ಪಟ್ಟಿ ಅಂಟಿಸುತ್ತೇವೆ. ಎರಡು ಮೂರು ದಿನ ಪಂಪಿನಿಂದ ಅದರ ಮೂಲಕ ತೆಳು ಔಷಧ, ಸಾಮಾನ್ಯವಾಗಿ 0.2 ಶೇಕಡಾ ರೋಪಿವಕೇನ್, ಹೋಗುತ್ತಿರುತ್ತದೆ.

ದೊಡ್ಡ ಭುಜದ ಆಪರೇಷನ್, ಪಾದದ ಮೂಳೆ ಕತ್ತರಿಸಿ ಕೂಡಿಸುವ ಆಪರೇಷನ್ ಇಂಥವುಗಳಲ್ಲಿ ಮೊದಲ ಎರಡು ರಾತ್ರಿ ನಳಿಗೆಯವರು ಚೆನ್ನಾಗಿ ನಿದ್ದೆ ಮಾಡುತ್ತಾರೆ, ಟ್ರಮಡಾಲ್, ಮಾರ್ಫಿನ್‌ನಂಥ ಔಷಧಗಳ ಅಗತ್ಯ ಕಡಿಮೆಯಾಗುತ್ತದೆ, ಅವುಗಳ ವಾಂತಿ ಮಲಬದ್ಧತೆಯೂ ತಪ್ಪುತ್ತದೆ. ಇದು ನಿಜವಾದ ಲಾಭ. ಆದರೆ ನಳಿಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಜಾರಿ ಹೊರಬರುತ್ತದೆ, ಬುಡದಲ್ಲಿ ಸೋರಿ ಪಟ್ಟಿ ಒದ್ದೆಯಾಗುತ್ತದೆ, ಮಡಚಿಕೊಳ್ಳುತ್ತದೆ. ಇನ್ನೊಂದು ಮೋಸ ರೋಗಿಗಳಿಗೆ ಗೊತ್ತೇ ಆಗುವುದಿಲ್ಲ: ಹಾಕುವಾಗ ಒಮ್ಮೆ ದೊಡ್ಡ ಪ್ರಮಾಣದ ಔಷಧ ಕೊಟ್ಟಿರುತ್ತೇವಲ್ಲ, ಮೊದಲ ದಿನದ ಸುಖವೆಲ್ಲ ಅದರದ್ದು. ನಳಿಗೆಯ ತುದಿ ನರದಿಂದ ದೂರ ಉಳಿದಿದ್ದರೆ ಅದು ಬಯಲಾಗುವುದು ಎರಡನೇ ದಿನ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಪಂಪು ಕೆಟ್ಟಿದೆ’ ಎಂದು ರೋಗಿ ಹೇಳುತ್ತಾರೆ. ಪಂಪು ಸರಿಯಾಗಿಯೇ ಇರುತ್ತದೆ, ನಳಿಗೆ ತಪ್ಪು ಜಾಗದಲ್ಲಿರುತ್ತದೆ. ಹೀಗಾಗಿ ಈ ಕೆಲಸ ದಿನವೂ ಮಾಡುವ ಕೈ ಬೇಕು. ತಿಂಗಳಿಗೊಮ್ಮೆ ನಳಿಗೆ ಹಾಕುವ ಆಸ್ಪತ್ರೆಯಲ್ಲಿ ನನ್ನ ಮನೆಯವರಿಗೆ ಆಪರೇಷನ್ ಆದರೆ ನಾನು ಒಂದೇ ಇಂಜೆಕ್ಷನ್ ಸಾಕು ಎನ್ನುತ್ತೇನೆ.

ನಳಿಗೆಯೊಳಗೆ ಔಷಧ ಹೋಗುವ ದಾರಿಯಲ್ಲೂ ಭೇದವಿದೆ. ಎಡೆಬಿಡದೆ ಹನಿಹನಿಯಾಗಿ ಗಂಟೆಗೆ ಆರು ಮಿಲಿಲೀಟರ್ ಹೋಗುವಂತೆ ಇಟ್ಟರೆ 300 ಮಿಲಿಲೀಟರ್ ಔಷಧ 50 ಗಂಟೆ ಬರುತ್ತದೆ. ಎರಡು ಗಂಟೆಗೊಮ್ಮೆ ಹತ್ತು ಮಿಲಿಲೀಟರ್ ಒಟ್ಟಿಗೆ ತಳ್ಳುವಂತೆ ಯಂತ್ರಕ್ಕೆ ಹೇಳಿದರೆ ಅದೇ 300 ಮಿಲಿಲೀಟರ್ 60 ಗಂಟೆ. ಒಟ್ಟಿಗೆ ತಳ್ಳಿದ ಔಷಧ ಹೆಚ್ಚು ಅಗಲಕ್ಕೆ ಹರಡುತ್ತದೆ. ಬೆನ್ನು, ಹೊಟ್ಟೆಯ ಸ್ನಾಯು ಪದರಗಳ ನಡುವೆ ಹಾಕುವ ಬ್ಲಾಕ್‌ಗಳಿಗೆ ಈ ಹರಡುವಿಕೆಯೇ ಜೀವಾಳ, ಅಲ್ಲಿ ಹನಿಹನಿ ಹರಿಸುವುದು ಬತ್ತಿದ ಗದ್ದೆಗೆ ಚಮಚದಲ್ಲಿ ನೀರು ಹಾಕಿದಂತೆ. ಕೈಕಾಲಿನ ನರಗಳಿಗೆ ಮಾತ್ರ ಇವೆರಡರ ನಡುವೆ ರೋಗಿಗೆ ಗೊತ್ತಾಗುವಷ್ಟು ವ್ಯತ್ಯಾಸ ನನಗೆ ಕಂಡಿಲ್ಲ. ಇದರ ಮೇಲೆ ರೋಗಿಯೇ ಒತ್ತುವ ಗುಂಡಿಯೊಂದಿದ್ದರೆ ಇನ್ನೂ ಒಳ್ಳೆಯದು. ಫಿಸಿಯೊಥೆರಪಿಗೆ ಹದಿನೈದು ನಿಮಿಷ ಮುಂಚೆ ಒತ್ತಿಕೊಳ್ಳಬಹುದು.

ಪಂಪೇ ಇಲ್ಲದ ಆಸ್ಪತ್ರೆಗಳಲ್ಲಿ ಕೈಯಿಂದ ಟಾಪ್-ಅಪ್ ಕೊಡುತ್ತಾರೆ: ಆರೆಂಟು ಗಂಟೆಗೊಮ್ಮೆ ವೈದ್ಯರು ಬಂದು ಸಿರಿಂಜಿನಿಂದ ಔಷಧ ಹಾಕುತ್ತಾರೆ. ಅಗ್ಗ, ಮತ್ತು ಪ್ರತಿ ಸಲ ಯಾರಾದರೂ ರೋಗಿಯನ್ನು ಕಣ್ಣಾರೆ ನೋಡಿದಂತಾಗುತ್ತದೆ, ಇದು ಸಣ್ಣ ಮಾತಲ್ಲ. ಆದರೆ ಊರಿಗೊಬ್ಬನೇ ಅರಿವಳಿಕೆ ವೈದ್ಯನಿದ್ದು, ರಾತ್ರಿ ಹತ್ತಕ್ಕೆ ಅವನು ಸಿಸೇರಿಯನ್‌ನಲ್ಲಿ ಸಿಕ್ಕಿಬಿದ್ದರೆ ನಿಮ್ಮ ಟಾಪ್-ಅಪ್ ಹನ್ನೆರಡಕ್ಕೆ. ಆ ಎರಡು ಗಂಟೆ ಕಾಯಿಸಿದ ವೈದ್ಯ ನಾನೂ ಆಗಿದ್ದೇನೆ. ನಳಿಗೆಯ ಬಾಯಿ ತೆರೆದಷ್ಟೂ ಸಲ ಸೋಂಕಿಗೆ ದಾರಿಯಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಬಲೂನು ಪಂಪೋ, ಬ್ಯಾಟರಿ ಪಂಪೋ?

ಬಲೂನು ಪಂಪು ಎಂದರೆ ಗಟ್ಟಿ ರಬ್ಬರಿನ ಚೀಲ. ಔಷಧ ತುಂಬಿದಾಗ ಉಬ್ಬುತ್ತದೆ, ಮೆಲ್ಲಗೆ ಕುಗ್ಗುತ್ತಾ ಔಷಧವನ್ನು ಸಣ್ಣ ಕೊಳವೆಯ ಮೂಲಕ ತಳ್ಳುತ್ತದೆ. ಕರೆಂಟ್ ಬೇಡ, ಸದ್ದಿಲ್ಲ, ಕೊರಳಿಗೆ ನೇತುಹಾಕಿಕೊಂಡು ಓಡಾಡಬಹುದು, ಮುಗಿದ ಮೇಲೆ ಎಸೆಯಬಹುದು. ಅದರ ಹರಿವು ಮಾತ್ರ ಗಡಿಯಾರದಂತಿಲ್ಲ: ಶುರುವಿನಲ್ಲೂ ಕೊನೆಯಲ್ಲೂ ಸ್ವಲ್ಪ ಜೋರು, ಬಿಸಿ ಹೆಚ್ಚಿದರೆ ಔಷಧ ತೆಳುವಾಗಿ ಇನ್ನಷ್ಟು ಜೋರು, ಪಂಪನ್ನು ನಳಿಗೆಗಿಂತ ಎತ್ತರದಲ್ಲಿಟ್ಟರೂ ಜೋರು. ಕೊಳವೆ ಮಡಚಿ ಹರಿವು ನಿಂತರೆ ಎಚ್ಚರಿಸುವ ಗಂಟೆ ಅದಕ್ಕಿಲ್ಲ. ಬಲೂನು ಸಣ್ಣದಾಗಿದೆಯೇ ಎಂದು ಆರು ಗಂಟೆಗೊಮ್ಮೆ ಮನೆಯವರು ನೋಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸುವುದು ಸುಲಭ.

ಬ್ಯಾಟರಿ ಪಂಪು ಗಂಟೆಗೆ ಎಷ್ಟೆಂದರೆ ಅಷ್ಟೇ ಕೊಡುತ್ತದೆ, ಪ್ರಮಾಣ ಬದಲಿಸಬಹುದು, ಎಷ್ಟು ಹೋಗಿದೆ ಎಂದು ಲೆಕ್ಕ ಇಡುತ್ತದೆ. ಗಾಳಿಗುಳ್ಳೆ ಸಿಕ್ಕಿದರೂ ಕೂಗುತ್ತದೆ, ಬ್ಯಾಟರಿ ಮುಗಿಯುತ್ತಾ ಬಂದರೂ ಕೂಗುತ್ತದೆ, ಅದೂ ನಡುರಾತ್ರಿಯಲ್ಲಿ. ಆಸ್ಪತ್ರೆಯಲ್ಲಿ ನರ್ಸ್ ಬಂದು ಸುಮ್ಮನಾಗಿಸುತ್ತಾರೆ. ಮನೆಯಲ್ಲಿ ಮೊಮ್ಮಕ್ಕಳು ಎದ್ದು ಕೂರುತ್ತಾರೆ. ಆಸ್ಪತ್ರೆಯಲ್ಲೇ ಉಳಿಯುವವರಿಗೆ ಬ್ಯಾಟರಿಯದು, ಮನೆಗೆ ಹೋಗುವವರಿಗೆ ಬಲೂನು ಎಂಬುದು ನನ್ನ ಪಾಠ.

ನಿಧಾನಕ್ಕೆ ಬಿಡುಗಡೆಯಾಗುವ ಔಷಧ

ಬುಪಿವಕೇನನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ಒಂದೇ ಸಲ ಚುಚ್ಚಿದರೆ, ಗುಳ್ಳೆಗಳು ದಿನಗಟ್ಟಲೆ ಒಂದೊಂದಾಗಿ ಒಡೆದು ನಳಿಗೆಯ ಕೆಲಸವನ್ನು ನಳಿಗೆ ಇಲ್ಲದೆಯೇ ಮಾಡುತ್ತವೆ. ಕೇಳುವುದಕ್ಕೆ ಸೊಗಸಾದ ಯೋಚನೆ. ಎಕ್ಸ್‌ಪರೆಲ್ ಎಂಬ ಹೆಸರಿನ ಈ ಔಷಧಕ್ಕೆ ಅಮೆರಿಕದಲ್ಲಿ 2011ರಲ್ಲಿ ಗಾಯದ ಸುತ್ತ ಹಾಕಲು ಅನುಮತಿ ಸಿಕ್ಕಿತು, 2018ರಲ್ಲಿ ಭುಜದ ಬ್ಲಾಕ್‌ಗೂ, 2023ರಲ್ಲಿ ಕಾಲಿನ ಎರಡು ಬ್ಲಾಕ್‌ಗಳಿಗೂ ಸಿಕ್ಕಿತು. ನಡುವೆ 2021ರಲ್ಲಿ ಅಲ್ಲಿನ ಅರಿವಳಿಕೆ ವೈದ್ಯರ ಸಂಘದ ಪತ್ರಿಕೆ, ಇದು ಸಾದಾ ಬುಪಿವಕೇನ್‌ಗಿಂತ ರೋಗಿಗೆ ಅನುಭವಕ್ಕೆ ಬರುವಷ್ಟು ಮೇಲಲ್ಲ ಎಂಬ ಅರ್ಥದ ಲೇಖನಗಳನ್ನು ಪ್ರಕಟಿಸಿತು. ತಯಾರಿಸುವ ಪಸಿರಾ ಕಂಪನಿ ಸಂಘದ ಮೇಲೆ ಮಾನಹಾನಿಯ ರೀತಿಯ ದಾವೆ ಹೂಡಿತು. ವೈಜ್ಞಾನಿಕ ಅಭಿಪ್ರಾಯದ ಮೇಲೆ ಹೀಗೆ ದಾವೆ ಹೂಡಲಾಗದು ಎಂದು ನ್ಯಾಯಾಲಯ ಅದನ್ನು ವಜಾ ಮಾಡಿತು, 2023ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನೋವಿನ ಔಷಧದ ಜಗಳ ಕೋರ್ಟಿನವರೆಗೆ ಹೋದದ್ದು ನಮ್ಮ ಊಟದ ಕೋಣೆಯಲ್ಲಿ ಬಹಳ ದಿನ ಮಾತಿನ ವಿಷಯವಾಗಿತ್ತು. ನನ್ನ ನಿಲುವು ಇಷ್ಟೇ: ಬೆಲೆ ಹಲವು ಪಟ್ಟು, ಲಾಭ ಕೊಂಚ. ಡೆಕ್ಸಾಮೆಥಸೋನ್ ಸೇರಿಸಿದ ಸಾದಾ ಇಂಜೆಕ್ಷನ್ ಅದರ ಹತ್ತಿರಕ್ಕೆ ಬರುತ್ತದೆ.

ಯಾವ ಆಪರೇಷನ್‌ಗೆ ಯಾವುದು

ಭುಜ. ನೋವು ಜೋರು, ಎರಡು ಮೂರು ದಿನದ್ದು. ಕೀಲು ಬದಲಾವಣೆಗೆ, ಹರಿದ ಸ್ನಾಯುರಜ್ಜು ಕೂಡಿಸುವುದಕ್ಕೆ ನಳಿಗೆ ಸಾರ್ಥಕ. ಸಣ್ಣಪುಟ್ಟ ದುರ್ಬೀನಿನ ಆಪರೇಷನ್‌ಗೆ ಒಂದೇ ಇಂಜೆಕ್ಷನ್. ಇಲ್ಲಿ ಒಂದು ಎಚ್ಚರಿಕೆ. ಕತ್ತಿನಲ್ಲಿ ಹಾಕುವ ಸಾಂಪ್ರದಾಯಿಕ ಬ್ಲಾಕ್, ಪಕ್ಕದಲ್ಲೇ ಹಾದುಹೋಗುವ, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರವನ್ನೂ ಹೆಚ್ಚುಕಡಿಮೆ ಎಲ್ಲರಲ್ಲೂ ಮರಗಟ್ಟಿಸುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೂ ಆಗುವುದಿಲ್ಲ. ದಮ್ಮು ಇರುವವರಿಗೆ, ವರ್ಷಗಟ್ಟಲೆ ಬೀಡಿ ಸೇದಿದವರಿಗೆ ಅರ್ಧ ಉಸಿರು ಕಳೆದಂತಾಗುತ್ತದೆ, ನಳಿಗೆ ಇಟ್ಟರೆ ಆ ತೊಂದರೆ ದಿನಗಟ್ಟಲೆ. ಅಂಥವರಿಗೆ ಇನ್ನೂ ಕೆಳಗೆ, ಭುಜಕ್ಕೆ ಹೋಗುವ ನರಗಳನ್ನಷ್ಟೇ ಹಿಡಿಯುವ ಬ್ಲಾಕ್ ಇದೆ, ಕೇಳಿ. ರೆಪ್ಪೆ ಜೋತುಬಿದ್ದರೆ, ದನಿ ಒಡೆದರೆ ಪಾರ್ಶ್ವವಾಯು ಎಂದು ಹೆದರಬೇಡಿ, ಬ್ಲಾಕ್‌ನ ಜೊತೆಗೆ ಅದೂ ಇಳಿಯುತ್ತದೆ.

ಕೈ. ಮಣಿಕಟ್ಟಿನ ಮೂಳೆಗೆ ಪ್ಲೇಟ್ ಹಾಕಿಸಿಕೊಳ್ಳುವವರಿಗೆ ಒಂದೇ ಇಂಜೆಕ್ಷನ್ ಬೇಕಾದಷ್ಟಾಯಿತು. ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಸಿಕ್ಕಿ, ಕತ್ತರಿಸಿದ್ದನ್ನು ಮರಳಿ ಜೋಡಿಸಿಕೊಂಡವರ ಕಥೆ ಬೇರೆ. ಅವರಿಗೆ ನಳಿಗೆ ಇಡುತ್ತೇನೆ: ಅದು ನೋವಿನ ಜೊತೆಗೆ ರಕ್ತನಾಳಗಳನ್ನೂ ಹಿಗ್ಗಿಸಿಟ್ಟು ಬೆರಳಿಗೆ ರಕ್ತ ಹರಿಯಲು ನೆರವಾಗುತ್ತದೆ, ದಿನವೂ ಗಾಯದ ಪಟ್ಟಿ ಬದಲಿಸುವ ಹಿಂಸೆಯೂ ತಪ್ಪುತ್ತದೆ.

ಮಂಡಿ. ಹಿಂದೆ ತೊಡೆಯ ಬುಡದಲ್ಲಿ ಫೆಮೊರಲ್ ನರಕ್ಕೆ ಹಾಕುತ್ತಿದ್ದೆವು. ನೋವು ಹೋಗುತ್ತಿತ್ತು, ಜೊತೆಗೆ ಕಾಲಿನ ಬಲವೂ ಹೋಗುತ್ತಿತ್ತು. ರಾತ್ರಿ ಬಚ್ಚಲಿಗೆ ಹೊರಟವರು ಕುಸಿದು ಬೀಳುತ್ತಿದ್ದರು. ಈಗ ತೊಡೆಯ ನಡುಭಾಗದಲ್ಲಿ ಹಾಕುವ ಬ್ಲಾಕ್‌ನಲ್ಲಿ ಬಲ ಬಹುಪಾಲು ಉಳಿಯುತ್ತದೆ. ಅದು ಮಂಡಿಯ ಹಿಂಭಾಗವನ್ನು ಮುಟ್ಟುವುದಿಲ್ಲವಾದ್ದರಿಂದ, ಆಪರೇಷನ್ ಮಾಡುವ ಸರ್ಜನ್ ಕೀಲಿನ ಸುತ್ತಲೇ ತಮ್ಮ ಕೈಯಾರೆ ಔಷಧ ಚುಚ್ಚುತ್ತಾರೆ. ಇವೆರಡರ ಜೋಡಿ ಬಹಳಷ್ಟು ಮಂದಿಗೆ ಸಾಕು, ಮೇಲೆ ನಳಿಗೆ ಇಟ್ಟರೆ ಸಿಗುವ ಲಾಭ ಸಣ್ಣದು. ಎರಡೂ ಮಂಡಿ ಒಂದೇ ಸಲ ಬದಲಿಸುವುದು ನಮ್ಮಲ್ಲಿ ಸಾಮಾನ್ಯವಲ್ಲವೇ, ಅಲ್ಲಿ ಔಷಧದ ಒಟ್ಟು ಮಿತಿ ಅಡ್ಡ ಬರುತ್ತದೆ. ಬುಪಿವಕೇನನ್ನು ಕಿಲೋಗೆ 2 ಮಿಲಿಗ್ರಾಂನ ಆಸುಪಾಸಿನಲ್ಲಿ ನಿಲ್ಲಿಸುತ್ತೇವೆ. 60 ಕಿಲೋ ತೂಕದ ತಾಯಿಗೆ 120 ಮಿಲಿಗ್ರಾಂ, ಅಂದರೆ 0.25 ಶೇಕಡಾ ಔಷಧ 48 ಮಿಲಿಲೀಟರ್. ಎರಡು ಕಾಲಿನ ಬ್ಲಾಕ್, ಎರಡು ಮಂಡಿಗೆ ಸರ್ಜನ್ನರ ಇಂಜೆಕ್ಷನ್, ಎಲ್ಲವೂ ಇಷ್ಟರಲ್ಲೇ ಆಗಬೇಕು. ಸರ್ಜನ್ ಎಷ್ಟು ಹಾಕಿದರೆಂದು ನಾನು ಕೇಳದಿದ್ದರೆ, ನಾನೆಷ್ಟು ಹಾಕಿದೆನೆಂದು ಅವರು ಕೇಳದಿದ್ದರೆ ಅಪಾಯ ರೋಗಿಗೆ. ಇಂಥ ಕಡೆ ಬೆನ್ನಿನಲ್ಲಿ, ಬೆನ್ನುಹುರಿಯ ಹೊದಿಕೆಯ ಹೊರಗೆ, ಎಪಿಡ್ಯೂರಲ್ ನಳಿಗೆ ಇಡುವುದು ಹಳೆಯದಾದರೂ ಉಪಯೋಗದ ದಾರಿ. ಕಾಲು ಭಾರವಾಗುವುದು, ರಕ್ತದೊತ್ತಡ ಇಳಿಯುವುದು, ಮೂತ್ರ ಕಟ್ಟುವುದು ಅದರ ಬೆಲೆ.

ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಜಜ್ಜಿಹೋಗಿದ್ದರೆ ನಾನು ಕೈ ಹಿಂದೆಳೆಯುತ್ತೇನೆ. ಅಲ್ಲಿ ಸ್ನಾಯುಗಳೊಳಗೆ ಒತ್ತಡ ಏರಿ ರಕ್ತಸಂಚಾರ ನಿಲ್ಲುವ ಅಪಾಯವಿದೆ, ಅದರ ಮೊದಲ ಸೂಚನೆ ಏರುತ್ತಾ ಹೋಗುವ ನೋವು. ಗಟ್ಟಿಯಾದ ದೀರ್ಘ ಬ್ಲಾಕ್ ಆ ಕೂಗನ್ನೇ ಮುಚ್ಚಿಬಿಡಬಹುದು. ಮೂಳೆ ವೈದ್ಯರೊಡನೆ ಮಾತಾಡದೆ ಇಲ್ಲಿ ಯಾವ ಬ್ಲಾಕೂ ಬೇಡ.

ಸಿಸೇರಿಯನ್. ಬೆನ್ನಿನ ಇಂಜೆಕ್ಷನ್‌ನಲ್ಲೇ ಚೂರು ಮಾರ್ಫಿನ್ ಸೇರಿಸಿದ್ದರೆ ಹೊಟ್ಟೆಯ ಬ್ಲಾಕ್‌ನಿಂದ ಹೆಚ್ಚೇನೂ ಸಿಗದು. ಸೇರಿಸಿಲ್ಲದಿದ್ದರೆ ಹೊಟ್ಟೆಯ ಎರಡೂ ಪಕ್ಕ ಒಂದೊಂದು ಇಂಜೆಕ್ಷನ್ ಬಾಣಂತಿ ಎದ್ದು ಕೂತು ಮಗುವಿಗೆ ಹಾಲೂಡುವುದನ್ನು ಹಗುರಮಾಡುತ್ತದೆ. ಕರುಳು, ಎದೆಗೂಡಿನ ದೊಡ್ಡ ಆಪರೇಷನ್‌ಗಳಿಗೆ ಎಪಿಡ್ಯೂರಲ್ ಅಥವಾ ಬೆನ್ನೆಲುಬಿನ ಪಕ್ಕದ ನಳಿಗೆ. 2016ರಲ್ಲಿ ಮೊದಲು ವರ್ಣಿಸಲಾದ, ಬೆನ್ನಿನ ಸ್ನಾಯುವಿನ ಕೆಳಗೆ ಹಾಕುವ ಬ್ಲಾಕ್ ಈಗ ಎಲ್ಲೆಡೆ ಬಳಕೆಯಲ್ಲಿದೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಬೆನ್ನಿನ ಆಳದ ನಳಿಗೆಗಳು ಅಪಾಯಕಾರಿ. ತೆಗೆಯುವ ಸಮಯವನ್ನೂ ಲೆಕ್ಕಹಾಕಿಯೇ ತೆಗೆಯಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆಯ ಹೆಸರನ್ನು ಮೊದಲೇ ಹೇಳಿಬಿಡಬೇಕು.

ಮನೆಗೆ ಹೋಗುವ ಮುನ್ನ

ಮರಗಟ್ಟಿದ ಕೈಕಾಲಿಗೆ ಬಿಸಿ ತಿಳಿಯುವುದಿಲ್ಲ. ಊತ ಇಳಿಯಲೆಂದು ಅಜ್ಜಿ ಪ್ರೀತಿಯಿಂದ ಬಿಸಿನೀರಿನ ಚೀಲ ಇಟ್ಟು ಚರ್ಮ ಬೆಂದು ಬಂದವರನ್ನು ನೋಡಿದ್ದೇನೆ. ಶಾಖ ಬೇಡ, ಬೆಂಕಿಯ ಹತ್ತಿರ ಕೂರುವುದು ಬೇಡ. ಕೈಯನ್ನು ಜೋಲಿಯಲ್ಲೇ ಇಟ್ಟುಕೊಳ್ಳಿ, ಮೊಣಕೈ ಕುರ್ಚಿಯ ಅಂಚಿಗೆ ಒತ್ತಿಕೊಂಡಿರದಂತೆ ನೋಡಿಕೊಳ್ಳಿ. ಕಾಲಿಗೆ ಬ್ಲಾಕ್ ಆಗಿದ್ದರೆ ಬಲ ಬರುವವರೆಗೆ ಒಬ್ಬರೇ ಏಳಬಾರದು.

ನಳಿಗೆಯೊಂದಿಗೆ ಮನೆಗೆ ಹೋಗುವವರ ಜೊತೆ ರಾತ್ರಿಯೂ ಒಬ್ಬರು ಇರಬೇಕು, ಅವರಿಗೆ ಕೊಳವೆಯ ಕ್ಲಿಪ್ ಮುಚ್ಚುವುದು ಗೊತ್ತಿರಬೇಕು. ತುಟಿ ನಾಲಿಗೆಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ತೊದಲುವಿಕೆ ಕಂಡರೆ ಔಷಧ ರಕ್ತದಲ್ಲಿ ಹೆಚ್ಚಾಗಿದೆ ಎಂದರ್ಥ. ಕ್ಲಿಪ್ ಮುಚ್ಚಿ ತಕ್ಷಣ ಆಸ್ಪತ್ರೆಗೆ ಬನ್ನಿ. ಇದಕ್ಕೆ ಪ್ರತ್ಯೌಷಧ 20 ಶೇಕಡಾ ಕೊಬ್ಬಿನ ದ್ರಾವಣ. ಬ್ಲಾಕ್ ಹಾಕುವ ಪ್ರತಿ ಆಸ್ಪತ್ರೆಯಲ್ಲೂ ಅದು ಇರಬೇಕು, ಇದೆಯೇ ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯನೂ ಮುನಿಸಿಕೊಳ್ಳುವುದಿಲ್ಲ. ಒಂದರ್ಧ ಗಂಟೆಯ ದಾರಿಯಲ್ಲಿ ಆಸ್ಪತ್ರೆ ಇಲ್ಲದ, ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವ ಊರಿನವರಿಗೆ ನಾನು ನಳಿಗೆ ಹಾಕಿ ಕಳಿಸುವುದಿಲ್ಲ. ಬೇಕೇಬೇಕಾದರೆ ಮೂರು ದಿನ ಆಸ್ಪತ್ರೆಯಲ್ಲೇ ಉಳಿಯಲಿ.

ತೆಗೆಯುವುದು ಕಷ್ಟವಲ್ಲ. ಕೈ ತೊಳೆದು, ಪಟ್ಟಿ ಬಿಡಿಸಿ, ಮೆಲ್ಲಗೆ ಎಳೆದರೆ ನೋವಿಲ್ಲದೆ ಬರುತ್ತದೆ. ಎಳೆತಕ್ಕೆ ತಡೆ ಸಿಕ್ಕಿದರೆ, ಕೈಯಲ್ಲಿ ಮಿಂಚು ಹೊಡೆದಂತಾದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಬೇಕು. ಹೊರಬಂದ ತುದಿಯ ಗುರುತು ಪೂರ್ಣವಾಗಿದೆಯೇ ಎಂದು ನೋಡಿ, ನಳಿಗೆಯನ್ನು ಎಸೆಯದೆ ತೋರಿಸಲು ಇಟ್ಟುಕೊಳ್ಳಿ. ನರಕ್ಕೆ ದೀರ್ಘಕಾಲದ ಪೆಟ್ಟಾಗುವುದು ಅಪರೂಪ, ಹತ್ತು ಸಾವಿರಕ್ಕೆ ಎರಡರಿಂದ ನಾಲ್ಕು ಮಂದಿಗೆ. ಒಂದೇ ಇಂಜೆಕ್ಷನ್ ಆಗಿ ಎರಡು ದಿನ ಕಳೆದರೂ, ನಳಿಗೆ ತೆಗೆದು ಒಂದು ದಿನ ಕಳೆದರೂ ಮರಗಟ್ಟಿದ್ದು ಬಿಡದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ‘ಇನ್ನೂ ಔಷಧ ಇಳಿದಿಲ್ಲವೇನೋ’ ಎಂದು ಕಾಯುತ್ತಾ ಕೂರದೆ ಬ್ಲಾಕ್ ಹಾಕಿದ ವೈದ್ಯರಿಗೇ ಫೋನ್ ಮಾಡಿ. ಆ ಫೋನ್ ರಾತ್ರಿ ಎರಡೂವರೆಗೆ ಬಂದರೂ ನಾನು ಎತ್ತುತ್ತೇನೆ.